ಧ್ಯಾನದಲ್ಲಿ ಕಂಡದ್ದನ್ನು ಬರೆಯುವುದು ಬಿಟ್ಟ ಮೇಲೆ: ಮುಂಬೈಯ ಒಬ್ಬ ಕಲಾವಿದೆಯ ಪ್ರಕರಣ

ಇದು ಮುಂಬೈಯಲ್ಲಿ ಚಿತ್ರ ಬರೆಯುವ ಒಬ್ಬ ಕನ್ನಡತಿಯ ಪ್ರಕರಣ. ಧ್ಯಾನ ಮಾಡುವ ಕಲಾವಿದರು, ಅವರ ಜೊತೆ ಕೆಲಸ ಮಾಡುವ ಗ್ಯಾಲರಿಯವರು, ಡ್ರಾಯಿಂಗ್ ಮೇಷ್ಟ್ರುಗಳು ಓದಲಿ ಅಂತ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಹೆಸರು, ಶಾಲೆ, ಗ್ಯಾಲರಿ ಯಾವುದನ್ನೂ ಹೇಳಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ಅವರನ್ನು ಮೊದಲಿಂದಲೂ ಅಕ್ಕ ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ. ಅವರ ಗಂಡ ನನಗೆ ಭಾವ. ಕಲಾವಿದರ ಪ್ರದರ್ಶನಕ್ಕೆ ಬೇಕಾದ ಏರ್ಪಾಡು ಮಾಡುವುದು ನನ್ನ ಕೆಲಸ. ಫ್ರೇಮು, ಸಾಗಣೆ, ಕ್ಯಾಟಲಾಗಿನ ಬರಹ, ಯಾವ ಚಿತ್ರ ಯಾವ ಗೋಡೆಗೆ ಅನ್ನೋದು ಎಲ್ಲ ಅದರಲ್ಲಿ ಬರುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಧ್ಯಾನದಿಂದ ಚಿತ್ರಕ್ಕೆ ಸಿಗುವುದು ಕೈಯ ಮೂಲಕ ಸಿಗುತ್ತದೆ. ಕಾಯುವುದರಲ್ಲಿ, ನಿಲ್ಲಿಸುವುದರಲ್ಲಿ ಸಿಗುತ್ತದೆ. ಕಣ್ಣು ಮುಚ್ಚಿದಾಗ ಕಂಡದ್ದನ್ನು ಎತ್ತಿಕೊಂಡು ಹೋಗಿ ಕ್ಯಾನ್ವಾಸಿಗೆ ಹಾಕಲು ಹೊರಟರೆ ಧ್ಯಾನವೂ ಕೆಡಬಹುದು, ಚಿತ್ರವೂ ಕೆಡಬಹುದು. ಈ ಪ್ರಕರಣದಲ್ಲಿ ಎರಡೂ ಕೆಟ್ಟಿದ್ದವು. ಸರಿಹೋಗಲು ವರ್ಷಗಳು ಬೇಕಾದವು.

ಹಿನ್ನೆಲೆ

ಅಕ್ಕನ ಕುಟುಂಬ ಕರಾವಳಿಯದು. ಅಪ್ಪ ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅಕ್ಕ ಓದಿದ್ದು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ. ಮಹಾರಾಷ್ಟ್ರದಲ್ಲಿ ಶಾಲೆ ಮಕ್ಕಳಿಗೆ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಅಂತ ಎರಡು ಡ್ರಾಯಿಂಗ್ ಪರೀಕ್ಷೆಗಳಿವೆ. ಎರಡರಲ್ಲೂ ಒಳ್ಳೆ ಗ್ರೇಡ್ ಬಂತು. ಆಮೇಲೆ ಡ್ರಾಯಿಂಗ್ ಟೀಚರ್ ಆಗಲು ಬೇಕಾದ ಡಿಪ್ಲೊಮಾ ಮಾಡಿಕೊಂಡು ಒಂದು ಶಾಲೆ ಸೇರಿದರು. ಮನೆ ಸೆಂಟ್ರಲ್ ಲೈನಿನ ಒಂದು ಉಪನಗರದಲ್ಲಿ. ಒಂದು ಹಾಲು, ಒಂದು ರೂಮು, ಅಡುಗೆಮನೆ, ಸಣ್ಣ ಬಾಲ್ಕನಿ. ಹಾಲಿನ ಒಂದು ಮೂಲೆಯೇ ಸ್ಟುಡಿಯೋ.

ಮೊದಲು ಅವರು ಬರೆಯುತ್ತಿದ್ದದ್ದು ಜನರನ್ನು. ಲೋಕಲ್ ಟ್ರೈನಿನಲ್ಲಿ ನಿದ್ದೆ ಮಾಡುವವರು, ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಹೂ ಕಟ್ಟುವವರು. ರೇಖೆ ಚುರುಕಾಗಿತ್ತು. ಕೆ.ಕೆ. ಹೆಬ್ಬಾರರ ರೇಖೆಗಳನ್ನು ನೋಡಿ ಬೆಳೆದ ಕೈ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಮುಂಬೈ ಕನ್ನಡಿಗರಲ್ಲಿ ಚಿತ್ರ ಬರೆಯುವ ಯಾರಿಗೇ ಆದರೂ ಹೆಬ್ಬಾರರು ಮನೆಯ ಹಿರಿಯರಿದ್ದ ಹಾಗೆ. 1911ರಲ್ಲಿ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ ಹುಟ್ಟಿ, ಮುಂಬೈಗೆ ಬಂದು, ಜೆ.ಜೆ. ಕಲಾ ಶಾಲೆಯಲ್ಲಿ ಕಲಿತು, 1996ರಲ್ಲಿ ಇಲ್ಲೇ ತೀರಿಕೊಂಡವರು. ಅವರ ಮಾತು ಮುಂದೆ ಮತ್ತೆ ಬರುತ್ತದೆ.

ನಲವತ್ತರ ಆಸುಪಾಸಿನಲ್ಲಿ ಅಕ್ಕ ಇಗತ್‌ಪುರಿಗೆ ಹೋಗಿ ವಿಪಶ್ಯನ ಶಿಬಿರದಲ್ಲಿ ಕೂತರು. ಸಹೋದ್ಯೋಗಿಯೊಬ್ಬರು ಹೇಳಿದ್ದರು, ದೀಪಾವಳಿ ರಜೆ ಇತ್ತು, ಹೋದರು. ಅಷ್ಟೇ ಕಾರಣ. ಈ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಬರ್ಮಾದಲ್ಲಿ ಹುಟ್ಟಿ ಬೆಳೆದ ಎಸ್.ಎನ್. ಗೋಯೆಂಕಾ ಅವರು 1969ರಲ್ಲಿ ಭಾರತಕ್ಕೆ ಬಂದು ಮುಂಬೈಯಲ್ಲೇ ಮೊದಲ ಶಿಬಿರ ನಡೆಸಿದರು. 1976ರಿಂದ ಇಗತ್‌ಪುರಿಯ ಧಮ್ಮಗಿರಿಯಲ್ಲಿ ಶಿಬಿರಗಳು ನಡೆಯುತ್ತಿವೆ. 10 ದಿನದ ಶಿಬಿರ. ಬೆಳಿಗ್ಗೆ 4ಕ್ಕೆ ಗಂಟೆ. ಮಾತಿಲ್ಲ. ಫೀಸಿಲ್ಲ. ಮೊದಲ ಮೂರು ದಿನ ಬರೀ ಉಸಿರನ್ನು ಗಮನಿಸುವುದು. ನಾಲ್ಕನೇ ದಿನದಿಂದ ಮೈಯಲ್ಲಿ ಆಗುವ ಸಂವೇದನೆಗಳನ್ನು ತಲೆಯಿಂದ ಕಾಲಿನವರೆಗೆ ನೋಡುತ್ತಾ ಹೋಗುವುದು. ಹಿತವಾಗಿದ್ದರೆ ಅಂಟಿಕೊಳ್ಳಬಾರದು, ನೋವಾದರೆ ದೂಡಬಾರದು. ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ.

ಈ ಕೊನೆಯ ನಿಯಮವೇ ಅಕ್ಕನಿಗೆ ಕಷ್ಟವಾದದ್ದು. ಬುದ್ಧಿ ಬಂದಾಗಿನಿಂದ ಪೆನ್ಸಿಲ್ ಇಲ್ಲದೆ ಇದ್ದವರೇ ಅಲ್ಲ ಅವರು. ಊಟದ ತಟ್ಟೆಯ ಪಕ್ಕ ಬೆರಳಲ್ಲಿ ಗೆರೆ ಎಳೆಯುತ್ತಾ ಕೂರುತ್ತಿದ್ದರಂತೆ. ಆ ಶಿಬಿರದಲ್ಲಿ ಉಸಿರು ನೋಡುತ್ತಾ ಕೂತಾಗ ಮುಚ್ಚಿದ ಕಣ್ಣಿನ ಒಳಗೆ ಬಣ್ಣದ ಬೆಳಕು ಕಂಡಿತು. ನೇರಳೆ, ಆಮೇಲೆ ಕಿತ್ತಳೆ, ನಡುವೆ ಒಂದು ಬಿಳಿ ವೃತ್ತ. ಆಚಾರ್ಯರನ್ನು ಕೇಳಿದ್ದಕ್ಕೆ, "ಬರ್ತದೆ, ಹೋಗ್ತದೆ, ಅದಕ್ಕೆ ಬೆಲೆ ಕೊಡಬೇಡಿ, ಉಸಿರಿಗೆ ಬನ್ನಿ" ಅಂದರು.

ಮನೆಗೆ ಬಂದ ವಾರವೇ ಅಕ್ಕ ಆ ಬೆಳಕನ್ನು ಬರೆದರು.

ಮಾರಾಟ ಶುರುವಾಯಿತು

ಬರೆದದ್ದು ಅಕ್ರಿಲಿಕ್‌ನಲ್ಲಿ. ಅಕ್ರಿಲಿಕ್ ಬಣ್ಣದಲ್ಲಿರುವುದು ನೀರು. ನೀರು ಆರಿತು ಅಂದರೆ ಬಣ್ಣ ಒಣಗಿತು. ತೆಳುವಾಗಿ ಹಚ್ಚಿದರೆ ಅರ್ಧ ಗಂಟೆಯೊಳಗೆ ಮೇಲಿಂದ ಇನ್ನೊಂದು ಪದರ ಹಾಕಬಹುದು. ಕೈವಾರ, ಮಾಸ್ಕಿಂಗ್ ಟೇಪು, ಚಿನ್ನದ ಬಣ್ಣ. ನಾಲ್ಕೈದು ಸಂಜೆಗಳಲ್ಲಿ ಒಂದು ಚಿತ್ರ ಮುಗಿಯುತ್ತಿತ್ತು. ವೃತ್ತಗಳು, ದಳಗಳು, ನಡುವಿಂದ ಹೊರಗೆ ಹರಡುವ ಬೆಳಕು.

ನೋಡಿದವರಿಗೆ ಇಷ್ಟವಾಯಿತು. ನನಗೂ ಮೊದಲ ಕೆಲವು ಚಿತ್ರಗಳು ನಿಜವಾಗಿ ಇಷ್ಟ. ಅವುಗಳಲ್ಲಿ ಬೆರಗು ಇತ್ತು. ಒಬ್ಬ ಇಂಟೀರಿಯರ್ ಡಿಸೈನರ್ ಎರಡು ತೆಗೆದುಕೊಂಡರು. ಅವರಿಂದ ಒಂದು ಯೋಗ ಸ್ಟುಡಿಯೋ, ಅಲ್ಲಿಂದ ಒಂದು ಆಸ್ಪತ್ರೆಯ ಕಾಯುವ ಕೋಣೆ. "ಧ್ಯಾನ ಚಿತ್ರ ಮಾಡೋರು" ಅಂತ ಹೆಸರು ಬಿತ್ತು. ಇಲ್ಲಿ ಬಹಳಷ್ಟು ಕಲಾವಿದರು ಮಾಡುವ ಹಾಗೆ ಚದರ ಇಂಚಿಗೆ ಇಷ್ಟು ಅಂತ ದರ ಇಟ್ಟರು. ಆಮೇಲೆ ಫೋನುಗಳು ಹೀಗೆ ಬರತೊಡಗಿದವು: ಅದೇ ಥರ, ಆದರೆ ನೀಲಿಯಲ್ಲಿ. ಅದೇ ಥರ, ಆದರೆ ಸೋಫಾಗೆ ಹೊಂದುವಷ್ಟು ಅಗಲ.

ಕೆಲವು ವರ್ಷ ಇದು ಚೆನ್ನಾಗಿಯೇ ನಡೆಯಿತು. ಮನೆ ಸಾಲ ತೀರಿತು. ಇದನ್ನು ಸಣ್ಣದು ಮಾಡಿ ಹೇಳಬಾರದು. ಮುಂದೆ ಅವರು ತೆಗೆದುಕೊಂಡ ನಿರ್ಧಾರಗಳಿಗೆ ಧೈರ್ಯ ಬಂದದ್ದೇ ಸಾಲ ಇಲ್ಲದ ಮನೆ ಮತ್ತು ಶಾಲೆಯ ಸಂಬಳದಿಂದ.

ತೊಂದರೆ

ಒಂದು ದಿನ ಫ್ರೇಮಿನ ಅಳತೆಗೆ ಅಂತ ಅವರ ಮನೆಗೆ ಹೋಗಿದ್ದಾಗ ಅಕ್ಕ ಹೇಳಿದರು: "ಕೂತರೆ ಸಾಕು, ಏನಾದ್ರೂ ಕಾಣ್ತದಾ ಅಂತ ಕಾಯ್ತೇನೆ. ಕಾಣ್ಲಿಲ್ಲ ಅಂದ್ರೆ ಬೇಜಾರು. ಕಂಡ್ರೆ, ಇದು ಯಾವ ಸೈಜಿಗೆ ಆಗ್ತದೆ ಅಂತ ಲೆಕ್ಕ. ಇದನ್ನು ಧ್ಯಾನ ಅಂತ ಹೇಳೋದಾ?"

ಈ ಪ್ರಕರಣದಲ್ಲಿ ನಾನು ಮತ್ತೆ ಮತ್ತೆ ಯೋಚಿಸಿದ ಮಾತು ಇದು. ಅಂಟಿಕೊಳ್ಳಬಾರದು ಅನ್ನೋದೇ ಆ ಅಭ್ಯಾಸದ ಬುಡ. ಅಕ್ಕ ಮಾತ್ರ ಬೆಳಗಿನ ಆ ಒಂದು ಗಂಟೆಯಲ್ಲಿ ಬೆಳಕಿಗಾಗಿ ಹುಡುಕುತ್ತಾ ಕೂರುತ್ತಿದ್ದರು. ಹುಡುಕಿದರೆ ಮನಸ್ಸು ಹಳೆಯದನ್ನೇ ಎತ್ತಿ ಕೊಡುತ್ತದೆ. ಹಾಗಾಗಿ ಚಿತ್ರಗಳೂ ಹಳೆಯವೇ ಆದವು. ನಾನು ಅವರ ಐದು ವರ್ಷದ ಚಿತ್ರಗಳ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದೆ. ಮೊದಲ ವರ್ಷದ ವೃತ್ತಗಳ ಅಂಚು ನಡುಗುತ್ತಿತ್ತು, ಬಣ್ಣ ಒಂದರೊಳಗೊಂದು ಹೋಗುತ್ತಿತ್ತು. ಐದನೇ ವರ್ಷದವು ಕೈವಾರದ ವೃತ್ತಗಳು. ಅಚ್ಚುಕಟ್ಟು, ಹೊಳಪು, ಒಳಗೆ ಏನೂ ನಡೆಯುತ್ತಿಲ್ಲ.

ಅದೇ ಹೊತ್ತಿಗೆ ದೊಡ್ಡ ಆರ್ಡರ್ ಬಂತು. ಒಂದು ಹೊಸ ವಸತಿ ಸಂಕೀರ್ಣ. ಪ್ರತಿ ಮಹಡಿಯ ಲಿಫ್ಟಿನ ಎದುರು ಒಂದೊಂದು ಚಿತ್ರ, ಎಲ್ಲ ಒಂದೇ ಅಳತೆ. ಮುಂಗಡ ಹಣವೂ ಬಂತು. ಅಕ್ಕ ಮೊದಲ ಮೂರು ಬರೆದು ನಿಲ್ಲಿಸಿದರು. ನಾಲ್ಕನೆಯದಕ್ಕೆ ಕೈ ಹೋಗಲಿಲ್ಲ.

ಏನೇನು ಮಾಡಿ ನೋಡಿದರು

ಮೊದಲು ಧ್ಯಾನ ನಿಲ್ಲಿಸಿದರು. ಚಿತ್ರ ಹುಡುಕುವ ಚಾಳಿ ಅಲ್ಲೇ ಇರುವುದಾದರೆ ಅದನ್ನೇ ಬಿಟ್ಟು ನೋಡೋಣ ಅನ್ನೋದು ಯೋಚನೆ. ಒಂದು ಮಳೆಗಾಲ ಪೂರ್ತಿ ಕೂರಲಿಲ್ಲ. ಚಿತ್ರಗಳಲ್ಲಿ ಏನೂ ಬದಲಾಗಲಿಲ್ಲ. ವೃತ್ತ ಬರೆಯುವುದು ಅಷ್ಟರಲ್ಲಿ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಅದಕ್ಕೆ ಧ್ಯಾನವೇ ಬೇಕಿರಲಿಲ್ಲ.

ಆಮೇಲೆ ಉಲ್ಟಾ. ಬ್ರಷ್ ತೊಳೆದು ಎತ್ತಿಟ್ಟು ಬರೀ ಧ್ಯಾನ. ಬೇಸಿಗೆ ರಜೆಯಲ್ಲಿ ಇನ್ನೊಂದು ಶಿಬಿರಕ್ಕೂ ಹೋಗಿ ಬಂದರು. ಧ್ಯಾನ ಸುಧಾರಿಸಿತು, ಹುಡುಕಾಟ ಕಡಿಮೆಯಾಯಿತು. ಆದರೆ ಮನೆಯಲ್ಲಿ ಸಿಡುಕು ಜಾಸ್ತಿಯಾಯಿತು. ಇದನ್ನು ಮೊದಲು ಗಮನಿಸಿದವರು ಭಾವ. "ಇವಳು ಚಿತ್ರ ಬರೆಯದೆ ಇದ್ದರೆ ನಮಗ್ಯಾರಿಗೂ ಶಾಂತಿ ಇಲ್ಲ ಮಾರಾಯ" ಅಂದರು. ನನಗೆ ಅದು ಮುಖ್ಯ ಸುಳಿವು ಅನ್ನಿಸಿತು. ಚಿತ್ರ ಅವರಿಗೆ ಧ್ಯಾನದಿಂದ ಹುಟ್ಟಿದ್ದಲ್ಲ, ಅದಕ್ಕೂ ಎಷ್ಟೋ ಮೊದಲಿನದು. ಶಿಬಿರದ ಆಚಾರ್ಯರು ಧ್ಯಾನದ ಬಗ್ಗೆ ಏನು ಹೇಳಬೇಕೋ ಹೇಳಿದ್ದರು. ಚಿತ್ರದ ಬಗ್ಗೆ ಏನೂ ಹೇಳಲಿಲ್ಲ. ಅದು ಅವರ ಕೆಲಸವೂ ಅಲ್ಲ. ಆ ಭಾಗಕ್ಕೆ ಉತ್ತರವನ್ನು ಚಿತ್ರಕಾರರಲ್ಲೇ ಹುಡುಕಬೇಕಿತ್ತು.

ಆಗ ನಾವು ಮೂರು ಜನ ಹಿರಿಯರ ಕೆಲಸವನ್ನು ನಿಧಾನವಾಗಿ ನೋಡಲು ಕೂತೆವು. ಮೂವರೂ 1857ರಲ್ಲಿ ಶುರುವಾದ ಜೆ.ಜೆ. ಕಲಾ ಶಾಲೆಯಲ್ಲಿ ಕಲಿತವರು.

ಒಬ್ಬರು ಎಸ್.ಎಚ್. ರಜಾ. ಅವರ 'ಬಿಂದು', ಅಂದರೆ ಕ್ಯಾನ್ವಾಸಿನಲ್ಲಿ ಅವರು ಬರೆಯುತ್ತಿದ್ದ ದೊಡ್ಡ ವೃತ್ತದಂಥ ಚುಕ್ಕೆ, ಎಲ್ಲರಿಗೂ ಗೊತ್ತು. ಅಕ್ಕನ ವೃತ್ತಗಳನ್ನು ನೋಡಿದವರು ಮೊದಲು ಹೇಳುತ್ತಿದ್ದದ್ದೂ ರಜಾ ಹೆಸರನ್ನೇ. ಮಧ್ಯಪ್ರದೇಶದ ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು, ಮನಸ್ಸು ಓಡುವ ಹುಡುಗನಿಗೆ ಅದನ್ನೇ ನೋಡು ಅಂದಿದ್ದರು. ಈ ಕಥೆಯನ್ನು ರಜಾ ಅವರೇ ಹೇಳಿಕೊಂಡಿದ್ದಾರೆ. ಎಲ್ಲರೂ ಚುಕ್ಕೆಯ ಬಗ್ಗೆ ಮಾತಾಡುತ್ತಾರೆ. ನಾವು ವರ್ಷಗಳನ್ನು ನೋಡಿದೆವು. ರಜಾ ಹುಟ್ಟಿದ್ದು 1922ರಲ್ಲಿ. ಫ್ರಾನ್ಸಿಗೆ ಹೋದದ್ದು 1950ರಲ್ಲಿ. ಆ ಬಿಂದು ಅವರ ಕ್ಯಾನ್ವಾಸಿನ ನಡುವೆ ಬಂದು ಕೂತದ್ದು 50 ದಾಟಿದ ಮೇಲೆ. ಅಷ್ಟು ವರ್ಷ ಅವರು ಊರು, ಮನೆ, ಮರ, ಮಣ್ಣು ಬರೆಯುತ್ತಿದ್ದರು. ಅಕ್ಕ ಕಂಡ ಬೆಳಕನ್ನು ಕ್ಯಾನ್ವಾಸಿಗೆ ತಂದದ್ದು ಒಂದು ವಾರದಲ್ಲಿ.

ಇನ್ನೊಬ್ಬರು ವಿ.ಎಸ್. ಗಾಯತೊಂಡೆ. 1924ರಿಂದ 2001. ಗೋವಾ ಮೂಲದ ಕುಟುಂಬ, ಮುಂಬೈಯಲ್ಲಿ ಕಲಿತು ಕೆಲಸ ಮಾಡಿ 1972ರಲ್ಲಿ ದೆಹಲಿಗೆ ಹೋದವರು. ಝೆನ್ ಬೌದ್ಧ ವಿಚಾರ ಅವರನ್ನು ಆಳವಾಗಿ ತಟ್ಟಿತ್ತು. ಅವರ ಕ್ಯಾನ್ವಾಸುಗಳಲ್ಲಿ ಬುದ್ಧ ಇಲ್ಲ, ಕಮಲ ಇಲ್ಲ, ಚಕ್ರ ಇಲ್ಲ. ರೋಲರ್ ಮತ್ತು ಪ್ಯಾಲೆಟ್ ನೈಫ್ ಹಿಡಿದು ಬಣ್ಣ ಹಚ್ಚುವುದು, ತೆಗೆಯುವುದು, ಮತ್ತೆ ಹಚ್ಚುವುದು. ವರ್ಷಕ್ಕೆ ಕೆಲವೇ ಕೆಲವು ಚಿತ್ರ ಮುಗಿಸುತ್ತಿದ್ದರು. ಕುಂಚ ಹಿಡಿಯದೆ ಸುಮ್ನೆ ಕೂತ ಹೊತ್ತೇ ಜಾಸ್ತಿ. ಕಾಲಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದ ಒಳಗೆ ಜಹಾಂಗೀರ್ ನಿಕೋಲ್ಸನ್ ಸಂಗ್ರಹದ ಗ್ಯಾಲರಿ ಇದೆ. ಅಲ್ಲಿ ಅವರ ಒಂದು ಕ್ಯಾನ್ವಾಸಿನ ಮುಂದೆ ಅಕ್ಕ ಬಹಳ ಹೊತ್ತು ನಿಂತರು. "ಇದು ಮೇಲಿಂದ ಹಚ್ಚಿದ ಬಣ್ಣ ಅಲ್ಲ. ಒಳಗಿಂದ ಬರ್ತಾ ಉಂಟು" ಅಂದರು. ಅದಕ್ಕೆ ಕಾರಣ ಪದರಗಳು. ಅಡಿಯ ಪದರ ಮೇಲಿನದರ ಮೂಲಕ ಕಾಣುತ್ತದೆ. ಅದಕ್ಕೆ ಬೇಕಾದದ್ದು ಸಮಯ.

ಮೂರನೆಯವರು ನಮ್ಮ ಹೆಬ್ಬಾರರು. ಅವರು ಚಿತ್ರಕಾರರಾದ ಮೇಲೆ ಕಥಕ್ ಕಲಿತರು. ಲಯ ಮೈಗೆ ಗೊತ್ತಾಗಲಿ ಅಂತ. ನರ್ತಕಿಯರನ್ನು ಅವರು ಬರೆದಿದ್ದಾರೆ, ನಿಜ. ಆದರೆ ಆ ಕಲಿಕೆಯ ಫಲ ಎತ್ತಿನ ಗಾಡಿ ಬರೆದಾಗಲೂ ಅವರ ರೇಖೆಯಲ್ಲಿದೆ. ನೃತ್ಯ ಅವರಿಗೆ ವಿಷಯವಾಗಿ ಸಿಕ್ಕಿದ್ದಕ್ಕಿಂತ ಜಾಸ್ತಿ ಕೈಯಾಗಿ ಸಿಕ್ಕಿತು. ಅಕ್ಕನಿಗೆ ಬಾಗಿಲು ತೆರೆದದ್ದು ಈ ಉದಾಹರಣೆ ಅಂತ ನನ್ನ ನಂಬಿಕೆ. ಗಾಯತೊಂಡೆ ಅವರಿಗೆ ದೊಡ್ಡವರಾಗಿ ಕಂಡರು. ಹೆಬ್ಬಾರರು ಹತ್ತಿರದವರಾಗಿ ಕಂಡರು.

ಹೊಸ ರೀತಿ

ಇದರ ನಂತರ ಅಕ್ಕ ಎರಡು ನಿರ್ಧಾರ ಮಾಡಿದರು. ಎರಡೂ ಅವರದ್ದೇ.

ಒಂದು, ಧ್ಯಾನಕ್ಕೂ ಚಿತ್ರಕ್ಕೂ ನಡುವೆ ಒಂದು ಇಡೀ ಹಗಲು ಇರಬೇಕು. ಬೆಳಿಗ್ಗೆ ಐದಕ್ಕೆ ಒಂದು ಗಂಟೆ ಕೂರುವುದು. ಆಮೇಲೆ ಅಡುಗೆ, ಟ್ರೈನು, ಶಾಲೆ, ಮಕ್ಕಳ ಗಲಾಟೆ. ಬ್ರಷ್ ಹಿಡಿಯುವುದು ಸಂಜೆಯೇ. ಬೆಳಿಗ್ಗೆ ಏನು ಕಂಡಿದ್ದರೂ ಅಷ್ಟರಲ್ಲಿ ಹೋಗಿರುತ್ತದೆ. ಹೋಗಲಿ ಅಂತಲೇ ಈ ಏರ್ಪಾಡು. ಧ್ಯಾನದ ಕೋಣೆಗೆ ಸ್ಕೆಚ್ ಪುಸ್ತಕ ತರುವ ಹಾಗಿಲ್ಲ.

ಎರಡು, ಅಕ್ರಿಲಿಕ್ ಬಿಟ್ಟು ಎಣ್ಣೆ ಬಣ್ಣ. ಇದು ಬರೀ ಸಾಮಗ್ರಿಯ ಬದಲಾವಣೆ ಅಂತ ಕಾಣಬಹುದು. ನನ್ನ ಪ್ರಕಾರ ಇಡೀ ಪ್ರಕರಣ ತಿರುಗಿದ್ದೇ ಇಲ್ಲಿ. ಎಣ್ಣೆ ಬಣ್ಣ ನೀರಿನ ಹಾಗೆ ಆರುವುದಿಲ್ಲ. ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯಿಂದ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ತೆಳು ಪದರ ಕೈಗೆ ಅಂಟದ ಹಾಗೆ ಆಗಲು ಕೆಲವು ದಿನದಿಂದ ಎರಡು ವಾರದವರೆಗೂ ಬೇಕು. ಒಳಗೆ ಪೂರ್ತಿ ಗಟ್ಟಿಯಾಗಲು ತಿಂಗಳುಗಳು. ಮುಂಬೈ ಮಳೆಗಾಲದಲ್ಲಿ ಇನ್ನೂ ನಿಧಾನ. ಅವಸರ ಮಾಡಿದರೆ ಬಣ್ಣವೇ ಬಿಡುವುದಿಲ್ಲ. ಕಾಯಲೇಬೇಕು.

ಕಲಿಯಬೇಕಾದದ್ದು ಬಹಳ ಇತ್ತು. ಅಡಿ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದ ಹಾಗೆ ಎಣ್ಣೆ ಜಾಸ್ತಿ ಇರಬೇಕು. ಇಲ್ಲದಿದ್ದರೆ ಮೇಲಿನ ಪದರ ಮೊದಲು ಬಿಗಿದುಕೊಂಡು, ಅಡಿಯದು ಇನ್ನೂ ಅಲುಗಾಡುತ್ತಾ, ಬಿರುಕು ಬಿಡುತ್ತದೆ. ಬಣ್ಣಗಳಿಗೂ ಒಂದೊಂದು ಗುಣ. ಅಂಬರ್ ಅನ್ನುವ ಕಂದು ಮಣ್ಣಿನ ಬಣ್ಣದಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಬಹಳ ನಿಧಾನ. ಅಕ್ಕ ಒಂದು ದೊಡ್ಡ ಕ್ಯಾನ್ವಾಸಿನಲ್ಲಿ ಕಪ್ಪಿನ ಮೇಲೆ ಅಂಬರ್ ಹಚ್ಚಿದರು. ಬೇಸಿಗೆಗೆ ಅದರ ಮೈತುಂಬ ಸಣ್ಣ ಬಿರುಕುಗಳು. ತಿಂಗಳುಗಳ ಕೆಲಸ. ಅವರು ಅಳಲಿಲ್ಲ, ಆದರೆ ಎರಡು ದಿನ ಆ ಕಡೆ ನೋಡಲಿಲ್ಲ. ಆಮೇಲೆ ಎಲ್ಲ ಕೆರೆದು ತೆಗೆದು ಅದೇ ಬಟ್ಟೆಯ ಮೇಲೆ ಅಂಬರ್‌ನಿಂದ ಶುರು ಮಾಡಿದರು.

ಇನ್ನೊಂದು ವಿಷಯ ಯಾರಿಗಾದರೂ ಉಪಯೋಗವಾದೀತು ಅಂತ ಬರೆಯುತ್ತೇನೆ. ಒಣಗುವ ತನಕ ಚಿತ್ರವನ್ನು ನೋಡಬಾರದು ಅಂತ ಅಕ್ಕ ಕ್ಯಾನ್ವಾಸುಗಳನ್ನು ಗೋಡೆ ಕಡೆ ಮುಖ ಮಾಡಿ ಇಡುತ್ತಿದ್ದರು. ದಿನಾ ನೋಡಿದರೆ ಕೈ ಸುಮ್ಮನಿರುವುದಿಲ್ಲ, ತಿದ್ದೋಣ ಅನ್ನಿಸುತ್ತದೆ. ಕೆಲವು ತಿಂಗಳ ಮೇಲೆ ತಿರುಗಿಸಿದರೆ ಬಿಳಿ ಜಾಗಗಳೆಲ್ಲ ಹಳದಿ. ಅಗಸೆ ಎಣ್ಣೆ ಕತ್ತಲೆಯಲ್ಲಿ ಒಣಗಿದರೆ ಹಳದಿಯಾಗುತ್ತದೆ. ಬೆಳಕಿಗೆ ಇಟ್ಟರೆ ಬಹಳಷ್ಟು ವಾಪಸ್ ಬರುತ್ತದೆ. ಗೋಡೆಯ ತೇವಕ್ಕೆ ಎರಡು ಕ್ಯಾನ್ವಾಸಿನ ಹಿಂದೆ ಫಂಗಸ್ ಕೂಡ ಹಿಡಿದಿತ್ತು. ಹಾಗಾಗಿ ನೋಡಬಾರದು, ಆದರೆ ಬೆಳಕು ಬೇಕು, ಗಾಳಿಯೂ ಬೇಕು. ಭಾವ ಪರಿಹಾರ ಕೊಟ್ಟರು. ಬಾಲ್ಕನಿಗೆ ಹೊಂದಿದ ರೂಮಿನಲ್ಲಿ ಗೋಡೆಗೆ ತಾಗದ ಹಾಗೆ ಪಟ್ಟಿ ಹೊಡೆದು ಕ್ಯಾನ್ವಾಸುಗಳನ್ನು ನಿಲ್ಲಿಸಿದರು. ಆ ರೂಮಿಗೆ ಅವರದ್ದೇ ಕಾವಲು. ಅಕ್ಕ ಕೇಳಿದಾಗ ಒಂದನ್ನು ಹಾಲಿಗೆ ತಂದು ಕೊಡುವುದು, ಪದರ ಹಚ್ಚಿ ಆದ ಮೇಲೆ ಒಯ್ಯುವುದು. ರಿಟೈರ್ ಆದ ಮನುಷ್ಯ ಆ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡಿದರು ಅಂದರೆ, ಯಾವ ಕ್ಯಾನ್ವಾಸಿಗೆ ಯಾವ ತಾರೀಕು ಯಾವ ಬಣ್ಣ ಅನ್ನೋದು ಅವರ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಇದೆ. ಟರ್ಪೆಂಟೈನ್ ವಾಸನೆ ಒಂದೇ ಕೋಣೆಯ ಮನೆಯಲ್ಲಿ ಸಣ್ಣ ವಿಷಯ ಅಲ್ಲ. ಕಿಟಕಿ ತೆಗೆದು, ಫ್ಯಾನ್ ಹಾಕಿ, ಬಣ್ಣದ ಚಿಂದಿ ಬಟ್ಟೆಗಳನ್ನು ನೀರಲ್ಲಿ ಅದ್ದಿಟ್ಟು, ಅದೆಲ್ಲವನ್ನೂ ಅವರೇ ನೋಡಿಕೊಂಡರು. ಅಗಸೆ ಎಣ್ಣೆ ಹಿಡಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತನ್ನಷ್ಟಕ್ಕೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಇದು ಎಣ್ಣೆ ಬಣ್ಣ ಬಳಸುವ ಎಲ್ಲರಿಗೂ ಗೊತ್ತಿರಲೇಬೇಕಾದ ಮಾತು.

ಯಾವಾಗ ಮುಗಿಯಿತು?

ಇಲ್ಲಿ ನಾವು ಯೋಚಿಸಿರದ ಪ್ರಶ್ನೆ ಎದ್ದಿತು. ಮೊದಲು ಕಣ್ಣು ಮುಚ್ಚಿದಾಗ ಕಂಡದ್ದಕ್ಕೆ ಚಿತ್ರ ಹೊಂದಿದರೆ ಮುಗಿಯಿತು ಅಂತ ಲೆಕ್ಕ. ಈಗ ಹೊಂದಿಸಿ ನೋಡಲು ಏನೂ ಇಲ್ಲ. ಹಾಗಾದರೆ ನಿಲ್ಲಿಸುವುದು ಎಲ್ಲಿ?

ಅಕ್ಕ ಮೊದಲ ಮೂರು ಎಣ್ಣೆ ಚಿತ್ರಗಳನ್ನು ಇದೇ ಕಾರಣಕ್ಕೆ ಕೆಡಿಸಿದರು. ಒಂದು ಪದರ, ಇನ್ನೊಂದು ಪದರ, ಕೊನೆಗೆ ಎಲ್ಲ ಸೇರಿ ಕೆಸರು. ಆಗ ಅವರಿಗೆ ಶಿಬಿರದ ಒಂದು ಅಭ್ಯಾಸ ನೆನಪಾಯಿತು. ನಾಲ್ಕನೇ ದಿನದ ನಂತರ ದಿನಕ್ಕೆ ಮೂರು ಸಲ, ಒಂದೊಂದು ಗಂಟೆ ಕೈಕಾಲು ಅಲುಗಿಸದೆ ಕೂರಲು ಹೇಳುತ್ತಾರೆ. ಕಾಲು ನೋಯುತ್ತದೆ, ಬದಲಿಸೋಣ ಅನ್ನಿಸುತ್ತದೆ. ಆ ಅನ್ನಿಸುವುದನ್ನು ನೋಡುತ್ತಾ ಸುಮ್ನೆ ಕೂತರೆ ಬಹಳ ಸಲ ಅದು ತಾನೇ ಹೋಗುತ್ತದೆ. ಅಕ್ಕ ಇದನ್ನೇ ಚಿತ್ರದ ಮುಂದೆ ಮಾಡಿದರು. ಭಾವ ತಂದಿಟ್ಟ ಕ್ಯಾನ್ವಾಸಿನ ಮುಂದೆ ಬ್ರಷ್ ಹಿಡಿಯದೆ ಕೂರುವುದು. ಇಲ್ಲಿ ಸ್ವಲ್ಪ ಕೆಂಪು ಬೇಕು ಅನ್ನಿಸುತ್ತದೆ. ಕೂರುವುದು. ಆ ಆಸೆ ಹೋದರೆ ಕೆಂಪು ಬೇಕಿರಲಿಲ್ಲ ಅಂತ ಅರ್ಥ. ಮೂರು ಸಂಜೆ ಕೂತರೂ ಅದೇ ಜಾಗ, ಅದೇ ಕೆಂಪು ಕೇಳುತ್ತಿದ್ದರೆ ಹಚ್ಚುವುದು. ಏನೂ ಕೇಳದ ದಿನ ಹಿಂಭಾಗದಲ್ಲಿ ಸಹಿ.

ಧ್ಯಾನ ಚಿತ್ರಕ್ಕೆ ಹೇಗೆ ಇಳಿಯುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈಗ ಈ ಸಂಜೆಗಳ ಬಗ್ಗೆಯೇ ಹೇಳುತ್ತೇನೆ. ಬೆಳಕಿಲ್ಲ, ಚಕ್ರವಿಲ್ಲ. ಒಬ್ಬ ಟೀಚರಮ್ಮ ಶಾಲೆ ಮುಗಿಸಿ ಬಂದು, ಚಿತ್ರದ ಮುಂದೆ ಕೂತು, ತನ್ನ ಕೈಗೆ ಬೇಕಾದದ್ದೂ ಚಿತ್ರಕ್ಕೆ ಬೇಕಾದದ್ದೂ ಬೇರೆ ಬೇರೆ ಅಂತ ಪದೇ ಪದೇ ಕಲಿಯುತ್ತಾರೆ.

ವಸತಿ ಸಂಕೀರ್ಣದ ಮುಂಗಡ ಹಣವನ್ನು ಕಂತುಗಳಲ್ಲಿ ವಾಪಸ್ ಕೊಟ್ಟರು. ಬರೆದಿದ್ದ ಮೂರು ಚಿತ್ರ ಅವರೇ ಇಟ್ಟುಕೊಂಡರು. ಇದನ್ನು ಎಲ್ಲರೂ ಮಾಡಬೇಕು ಅಂತ ನಾನು ಹೇಳುವುದಿಲ್ಲ. ಬಾಡಿಗೆ ಮನೆಯಲ್ಲಿದ್ದು ಚಿತ್ರ ಮಾರಿಯೇ ಬದುಕುವ ಹುಡುಗ ಹುಡುಗಿಯರು ನನಗೆ ಎಷ್ಟೋ ಜನ ಗೊತ್ತು. ಅವರು ಆ ಆರ್ಡರ್ ಮುಗಿಸಿ, ಆ ಹಣದಲ್ಲಿ ಒಂದು ವರ್ಷ ಕೊಂಡುಕೊಳ್ಳುವುದೇ ಸರಿ ಇರಬಹುದು.

ಪ್ರದರ್ಶನ

ಸಾಕಷ್ಟು ಚಿತ್ರ ಸೇರಲು ಮೂರು ವರ್ಷ ಹಿಡಿಯಿತು. ದಕ್ಷಿಣ ಮುಂಬೈಯ ಒಂದು ಗ್ಯಾಲರಿಯಲ್ಲಿ ಒಂದು ವಾರ ಜಾಗ ಸಿಕ್ಕಿತು. ಅಲ್ಲಿಯವರು ಪ್ರದರ್ಶನದ ಹೆಸರಲ್ಲೇ ಧ್ಯಾನ ಅನ್ನೋದು ಇರಲಿ ಅಂದರು. ಅವರ ಲೆಕ್ಕ ತಪ್ಪೇನಲ್ಲ. ಅಕ್ಕನ ಹೆಸರು ಗೊತ್ತಿದ್ದವರಿಗೆ ಆ ಮಾತಿಂದಲೇ ಗೊತ್ತಿತ್ತು. ಅಕ್ಕ ಒಪ್ಪಲಿಲ್ಲ. "ಧ್ಯಾನ ಅಂತ ಬರೆದ್ರೆ ಜನ ಚಿತ್ರ ನೋಡೋದಿಲ್ಲ, ಅದರಲ್ಲಿ ಧ್ಯಾನ ಹುಡುಕ್ತಾರೆ. ನಾನು ಮಾಡಿದ್ದನ್ನೇ ಅವರೂ ಮಾಡ್ತಾರೆ" ಅಂದರು.

ಕ್ಯಾಟಲಾಗ್ ಬರೆಯಬೇಕಾದದ್ದು ನಾನು. ವಿಷಯ ಮುಚ್ಚಿಡುವುದೂ ನನಗೆ ಸರಿ ಕಾಣಲಿಲ್ಲ. ದಿನಾ ಒಂದು ಗಂಟೆ ಒಂದು ಅಭ್ಯಾಸ ಮಾಡುವ ಮನುಷ್ಯರ ಕೆಲಸದ ಬಗ್ಗೆ ಬರೆಯುವಾಗ ಅದನ್ನು ಬಿಟ್ಟರೆ ಅರ್ಧ ಬರೆದಂತೆ. ಕೊನೆಗೆ ಹೀಗೆ ಮಾಡಿದೆವು. ಪ್ರತಿ ಚಿತ್ರದ ಪಕ್ಕ ಬರೀ ಅಳತೆ, ಸಾಮಗ್ರಿ, ಶುರುವಾದ ತಿಂಗಳು, ಮುಗಿದ ತಿಂಗಳು. ಭಾವನ ನೋಟ್‌ಬುಕ್ಕಿನಿಂದ ಒಂದು ಪುಟವನ್ನು ಹಾಗೇ ಅಚ್ಚು ಹಾಕಿಸಿದೆವು. ವಿಪಶ್ಯನದ ಮಾತು ಪರಿಚಯದ ಕೊನೆಯಲ್ಲಿ ಒಂದು ವಾಕ್ಯ.

ಬಂದವರಲ್ಲಿ ಹಳೆ ಗಿರಾಕಿಗಳು ನಿರಾಸೆ ಪಟ್ಟರು. ಇಂಟೀರಿಯರ್ ಡಿಸೈನರ್ ನಯವಾಗಿಯೇ ಕೇಳಿದರು, ಆ ಬೆಳಕು ಎಲ್ಲಿ ಹೋಯಿತು ಅಂತ. ಏನೂ ಕೊಳ್ಳಲಿಲ್ಲ. ಮಾಟುಂಗಾ ಕಡೆಯಿಂದ ಕನ್ನಡ ಸಂಘದವರು ಒಂದು ಗುಂಪು ಬಂದು ಭಾವನ ನೋಟ್‌ಬುಕ್ ಪುಟವನ್ನು ಚಿತ್ರಗಳಿಗಿಂತ ಹೆಚ್ಚು ಹೊತ್ತು ಓದಿದರು. ಅವರು ತಾರೀಕು ನೋಡಿ ಮತ್ತೆ ಚಿತ್ರದ ಹತ್ತಿರ ಹೋಗಿ ಪದರಗಳನ್ನು ಹುಡುಕುತ್ತಿದ್ದದ್ದು ನೋಡಿ ನನಗೆ ಬಹಳ ಖುಷಿಯಾಯಿತು. ವಾರದಲ್ಲಿ ನಾಲ್ಕು ಚಿತ್ರ ಹೋದವು, ಮೂರು ಸಣ್ಣವು, ಒಂದು ದೊಡ್ಡದು. ಮೊದಲಿನ ವರ್ಷಗಳ ಗಳಿಕೆಗೆ ಇದು ಏನೂ ಅಲ್ಲ.

ಮುಖ್ಯವಾದ ಮಾತು ಒಬ್ಬ ಹಿರಿಯ ಕಲಾವಿದರಿಂದ ಬಂತು. ಎಲ್ಲ ನೋಡಿ, ಎರಡು ಕ್ಯಾನ್ವಾಸುಗಳ ಮುಂದೆ ನಿಂತು, "ಇವು ಗಾಯತೊಂಡೆಯವರವು, ನಿಮ್ಮವಲ್ಲ" ಅಂದರು. ಕಟುವಾಗಿತ್ತು, ಆದರೆ ನಿಜ. ಆ ಬೂದು ಹಸಿರು, ಆ ತೇಲುವ ತುಂಡುಗಳು, ಮ್ಯೂಸಿಯಮಿನಲ್ಲಿ ನೋಡಿದ್ದು ಕೈಯಲ್ಲಿ ಉಳಿದುಬಿಟ್ಟಿತ್ತು. ಮೊದಲು ಧ್ಯಾನದಲ್ಲಿ ಕಂಡದ್ದನ್ನು ತಂದಿದ್ದರು, ಈಗ ಇನ್ನೊಬ್ಬರ ಚಿತ್ರದಲ್ಲಿ ಕಂಡದ್ದನ್ನು. ಅಕ್ಕ ಆ ಸಂಜೆಯೇ ಆ ಎರಡನ್ನು ಗೋಡೆಯಿಂದ ಇಳಿಸಿದರು. ಗ್ಯಾಲರಿಯವರಿಗೆ ಇಷ್ಟವಾಗಲಿಲ್ಲ. ಉಳಿದ ದಿನ ಆ ಗೋಡೆ ಖಾಲಿಯೇ ಇತ್ತು.

ಅದೇ ಹಿರಿಯರು ಇನ್ನೊಂದು ಚಿತ್ರವನ್ನು ತೋರಿಸಿ, ಇದು ಯಾರದ್ದೂ ಅಲ್ಲ, ನಿಮ್ಮದೇ ಅಂದಿದ್ದರು. ಕಂದು ನೆಲದ ಮೇಲೆ ಎಣ್ಣೆ ಬಣ್ಣದೊಳಗೆ ಕುಂಚದ ಹಿಂಭಾಗದಿಂದ ಗೀರಿದ ಒಂದೇ ಒಂದು ರೇಖೆ. ಬಹಳ ವರ್ಷದ ಹಿಂದಿನ ಟ್ರೈನಿನ ಸ್ಕೆಚ್ಚುಗಳಲ್ಲಿದ್ದ, ನಿದ್ದೆಯಲ್ಲಿ ವಾಲಿದ ಭುಜಗಳ ರೇಖೆ ಅದು ಅಂತ ನನಗೆ ಕಂಡಿತು. ಅಕ್ಕ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಆದರೆ ಪ್ರದರ್ಶನ ಮುಗಿದ ಮೇಲೆ ಟ್ರೈನಿನಲ್ಲಿ ಮತ್ತೆ ಸ್ಕೆಚ್ ಪುಸ್ತಕ ತೆಗೆಯತೊಡಗಿದ್ದಾರೆ. ಮಹಿಳೆಯರ ಡಬ್ಬಿಯಲ್ಲಿ ಸಂಜೆ ಸೀಟು ಸಿಕ್ಕ ದಿನ ಮಾತ್ರ.

ಈಗಿನ ಸ್ಥಿತಿ

ಅಕ್ಕ ವರ್ಷಕ್ಕೆ ಐದಾರು ಚಿತ್ರ ಮುಗಿಸುತ್ತಾರೆ. ಧ್ಯಾನ ಎಂದಿನ ಹಾಗೆ ನಡೆದಿದೆ. ಬಣ್ಣದ ಬೆಳಕು ಈಗಲೂ ಒಮ್ಮೊಮ್ಮೆ ಬರುತ್ತದಂತೆ. "ಬಂದ್ರೆ ಬರ್ತದೆ" ಅನ್ನುತ್ತಾರೆ.

ನಮ್ಮಿಬ್ಬರ ನಡುವೆ ಒಂದು ವಾದ ಮಾತ್ರ ಇನ್ನೂ ಮುಗಿದಿಲ್ಲ. ವಸತಿ ಸಂಕೀರ್ಣಕ್ಕೆ ಬರೆದ ಆ ಮೂರು ಅಕ್ರಿಲಿಕ್ ಚಿತ್ರಗಳು ಮಂಚದ ಕೆಳಗಿವೆ. ಕೇಳುವವರು ಈಗಲೂ ಇದ್ದಾರೆ. ಮಾರಿಬಿಡಿ ಅಂತ ನಾನು. ಅವು ಯಾರಿಗೂ ಮೋಸ ಮಾಡುವ ಚಿತ್ರಗಳಲ್ಲ, ಆಸ್ಪತ್ರೆಯ ಗೋಡೆಯ ಮೇಲೆ ನೋಡಿ ಯಾರಿಗಾದರೂ ಹಾಯ್ ಅನ್ನಿಸಿದರೆ ಅದೂ ಒಳ್ಳೆಯದೇ. ಬಂದ ಹಣಕ್ಕೆ ಒಳ್ಳೆ ಲಿನನ್ ಕ್ಯಾನ್ವಾಸ್ ಬರುತ್ತದೆ. ಬೇಡ ಅಂತ ಅಕ್ಕ. ಮಾರಿದರೆ ಅದೇ ಥರ ಇನ್ನೊಂದು ಕೊಡಿ ಅಂತ ಫೋನ್ ಬರುತ್ತದೆ, ಆಗ ಇಲ್ಲ ಅನ್ನಲು ಮತ್ತೆ ಅಷ್ಟೇ ಕಷ್ಟಪಡಬೇಕು ಅನ್ನುತ್ತಾರೆ. ಭಾವ ಈ ವಿಷಯದಲ್ಲಿ ನನ್ನ ಪರ. ಮಂಚದ ಕೆಳಗೆ ಜಾಗ ಬೇಕಂತೆ.